ಓದು ತಡವರಿಸುವ ಮಗು ತರಗತಿಯಲ್ಲಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು
(ಕನ್ನಡ ಕಲಿಸುವ ಶಿಕ್ಷಕರಿಗೆ)

ಕೇಳಿದ ಕತೆಯನ್ನು ಚೆಂದವಾಗಿ ತಿರುಗಿ ಹೇಳುವ ಮಗು, ಅದೇ ಕತೆಯನ್ನು ಪುಸ್ತಕದಲ್ಲಿ ಓದಲಾರದೆ ನಿಂತುಬಿಟ್ಟರೆ ಅದು ಸೋಮಾರಿತನವಲ್ಲ. ಬುದ್ಧಿಮಾಂದ್ಯವೂ ಅಲ್ಲ. ಓದಿನ ತೊಡಕು ಡಿಸ್‌ಲೆಕ್ಸಿಯಾ, ಬರವಣಿಗೆಯದು ಡಿಸ್‌ಗ್ರಾಫಿಯಾ, ಲೆಕ್ಕದ್ದು ಡಿಸ್‌ಕ್ಯಾಲ್ಕುಲಿಯಾ. ಈ ಕಲಿಕಾ ನ್ಯೂನತೆಗಳನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತನ್ನ ಪಟ್ಟಿಯ 21 ವಿಧದ ವಿಕಲತೆಗಳಲ್ಲಿ ಸೇರಿಸಿದೆ.

ಮಾಡಬಾರದ್ದು

‘ದಡ್ಡ’ ಎನ್ನಬೇಡಿ. ತಮಾಷೆಗೂ ಬೇಡ, ಬೇರೆ ಮಕ್ಕಳ ಬಾಯಲ್ಲೂ ಬರಗೊಡಬೇಡಿ.

ಎಲ್ಲರೆದುರು ಎಬ್ಬಿಸಿ ಗಟ್ಟಿಯಾಗಿ ಓದಿಸಬೇಡಿ. ತನ್ನ ಸರದಿ ಎಷ್ಟನೆಯದೆಂದು ಎಣಿಸುತ್ತ ಕೂತ ಮಗುವಿಗೆ ಆ ಪಾಠದ ಒಂದು ಮಾತೂ ಕಿವಿಗೆ ಬಿದ್ದಿರುವುದಿಲ್ಲ. ಎಲ್ಲಕ್ಕಿಂತ ಮೊದಲು ನಿಲ್ಲಬೇಕಾದ್ದು ಇದೇ.

ತಪ್ಪಿದ ಪದವನ್ನು ನೂರು ಸಲ ಬರೆಸಬೇಡಿ. ತಪ್ಪೇ ನೂರು ಸಲ ಅಭ್ಯಾಸವಾಗುತ್ತದೆ. ಹೊಡೆಯುವುದು, ಹೀಯಾಳಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಆಟದ ಪೀರಿಯಡ್ ಕಿತ್ತುಕೊಂಡು ಕಾಪಿ ಬರೆಸುವುದೂ ಬೇಡ. ಆ ಮಗು ಗೆಲ್ಲುವ ಜಾಗ ಅದೊಂದೇ ಇರಬಹುದು.

ನೀವೇ ರೋಗದ ಹೆಸರಿಟ್ಟು ಪೋಷಕರನ್ನು ಹೆದರಿಸಬೇಡಿ.

ಮಾಡಬೇಕಾದ್ದು

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಲು ಹೇಳಿ. ಮನೆಮಾತು ಬೇರೆಯೇ, ಮಗು ಶಾಲೆ ಎಷ್ಟು ದಿನ ತಪ್ಪಿಸಿದೆ ಎಂದೂ ವಿಚಾರಿಸಿ. ಅದೆಲ್ಲ ಸರಿಯಿದ್ದೂ ತೊಡಕು ಉಳಿದರೆ ಜಿಲ್ಲಾ ಆಸ್ಪತ್ರೆಗೆ, ಬೆಂಗಳೂರಿನ ನಿಮ್ಹಾನ್ಸ್‌ಗೆ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಿ.

ತಪ್ಪುಗಳನ್ನು ತಿದ್ದುವ ಮೊದಲು ಓದಿ ನೋಡಿ. ಒಂದು ತಿಂಗಳ ಉಕ್ತಲೇಖನದ ಹಾಳೆಗಳನ್ನು ಜೋಡಿಸಿಟ್ಟರೆ ಮಗು ಎಲ್ಲಿ ಎಡವುತ್ತದೆ ಎಂಬುದು ತಾನೇ ಕಾಣುತ್ತದೆ: ಮ-ವ ಅದಲುಬದಲು, ದೀರ್ಘ ಬಿಟ್ಟುಹೋಗುವುದು, ಬ-ಭ ಗೊಂದಲ, ಮತ್ತೆ ಮತ್ತೆ ಒತ್ತಕ್ಷರ. ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವೆ ಎಂದು ಹೇಳುತ್ತೇವಲ್ಲ, ಈ ಮಗುವಿನ ಪಾಲಿಗೆ ಅದು ಪೂರ್ತಿ ನಿಜವಲ್ಲ. ‘ಧರ್ಮ’ದಲ್ಲಿ ರಕಾರ ಕಿವಿಗೆ ಮೊದಲು, ಅರ್ಕಾವೊತ್ತು ಕಣ್ಣಿಗೆ ಆಮೇಲೆ. ‘ಪ್ರೀತಿ’ಯಲ್ಲಿ ಗುಡಿಸು ಪಕಾರದ ತಲೆಗೆ ಮೊದಲೇ ಹತ್ತುತ್ತದೆ, ರ ಒತ್ತು ಅದರ ಹಿಂದೆ ಬರುತ್ತದೆ. ಸದ್ದಿನ ಸಾಲು ಒಂದು, ಬರಹದ ಸಾಲು ಇನ್ನೊಂದು. ಇದನ್ನು ಬಾಯಿಬಿಟ್ಟು ವಿವರಿಸಿ. ಅರ್ಕಾವೊತ್ತು ಹತ್ತದಿದ್ದರೆ ರಕಾರದ ಕೆಳಗೆ ಮ ಒತ್ತು ಕೊಟ್ಟು ಬರೆಯಲಿ. ಅದೂ ಸರಿಯಾದ ಕನ್ನಡವೇ, ಅಂಕ ಕಳೆಯಬೇಡಿ.

ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ತಿದ್ದಿಸುತ್ತೇವೆ. ಮರುದಿನ ಅದನ್ನು ಮರೆಯುತ್ತೇವೆ. ಈ ಮಗುವಿಗೆ ಮರೆಯಬೇಡಿ. ಅಕ್ಕಿ, ಮರಳು, ಬೆಂಚಿನ ಮೇಲೆ ಬೆರಳು, ಯಾವುದಾದರೂ ಸರಿ, ಸದ್ದನ್ನು ಹೇಳುತ್ತಲೇ ತಿದ್ದಲಿ. ದಿನಕ್ಕೆ ಹತ್ತು ನಿಮಿಷ, ಒಂದೆರಡೇ ಅಕ್ಷರ, ಆದರೆ ತಪ್ಪದೆ. ಲೆಕ್ಕಕ್ಕೆ ಹುಣಸೆ ಬೀಜ, ಹತ್ತರ ಕಡ್ಡಿಕಟ್ಟು ಇರಲಿ. ಮಗ್ಗಿಯ ಪಟ್ಟಿ ಕಣ್ಣೆದುರೇ ಇರಲಿ.

ವಿಜ್ಞಾನ, ಸಮಾಜದ ಉತ್ತರಗಳನ್ನು ಬಾಯಿಯಲ್ಲಿ ಕೇಳಿ ಅಂಕ ಕೊಡಿ. ದ್ಯುತಿಸಂಶ್ಲೇಷಣೆ ಅರ್ಥವಾಗಿದೆಯೇ ಎಂದು ತಿಳಿಯಲು ಆ ಪದವನ್ನು ತಪ್ಪಿಲ್ಲದೆ ಬರೆಸಬೇಕಿಲ್ಲ.

ಪ್ರಮಾಣಪತ್ರ

2018ರ ಕೇಂದ್ರ ಮಾರ್ಗಸೂಚಿಯಂತೆ 8 ವರ್ಷ ತುಂಬಿದ ಮೇಲೆಯೇ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಸಿಗುತ್ತಿತ್ತು. 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ತಪಾಸಣೆ ಆಗಬೇಕಿತ್ತು. ಈಗಿನ ನಿಯಮವನ್ನು ಆಸ್ಪತ್ರೆಯಲ್ಲೇ ಕೇಳಿ ತಿಳಿಯಿರಿ. ಪಾಠದ ರೀತಿ ಬದಲಿಸಲು ಮಾತ್ರ ಪ್ರಮಾಣಪತ್ರಕ್ಕೆ ಕಾಯಬೇಡಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವವರ ನೆರವು ಬೇಕಾದರೆ ಕಾಗದಪತ್ರ ಎಂಟನೇ ತರಗತಿಯಲ್ಲೇ ಶುರುವಾಗಲಿ. ಎಸ್ಎಸ್ಎಲ್‌ಸಿ ಪರೀಕ್ಷೆ ಬಾಗಿಲಿಗೆ ಬಂದಾಗ ಓಡಾಡಿದರೆ ಆಗುವ ಕೆಲಸವಲ್ಲ.

ಈ ವಾರವೇ ಹಾಜರಿ ಪುಸ್ತಕ ತೆರೆಯಿರಿ. ಮಾತಿನಲ್ಲಿ ಮುಂದು, ಬರಹದಲ್ಲಿ ಹಿಂದು ಇರುವ ಮಕ್ಕಳನ್ನು ಗುರುತಿಸಿ, ಅವರ ಅಪ್ಪ ಅಮ್ಮನನ್ನು ಕರೆಸಿ ಕೂರಿಸಿ ಮಾತನಾಡಿ.