ಹಾಳೂರಿಗೆ ಹೋದವನೇ ಗೌಡ

ಹುಡುಗರೇ, ಹುಡುಗಿಯರೇ,

ಭಾನುವಾರ ಬಂತೆಂದರೆ ಕೂಡ್ಲಿಗಿ, ಕೊಟ್ಟೂರಿನಿಂದ ನಿಮ್ಮ ಬೈಕುಗಳು ಗುಡೇಕೋಟೆಯ ದಾರಿ ಹಿಡಿಯುತ್ತವೆ. ಹರಪನಹಳ್ಳಿ ಕಡೆಯವರು ಉಚ್ಚಂಗಿದುರ್ಗ ಹತ್ತುತ್ತೀರಿ. ಹಗರಿಬೊಮ್ಮನಹಳ್ಳಿ, ಹಡಗಲಿಯವರು ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಇಳಿದ ಮೇಲೆ ಬಯಲಾಗುವ ಹಳೇ ಕಟ್ಟಡ ಹುಡುಕಿಕೊಂಡು ಹೊರಡುತ್ತೀರಿ. ಹಾಳುಬಿದ್ದ ವಾಡೆ, ಮುಚ್ಚಿದ ಮಿಲ್ಲು, ಕೆಲಸ ನಿಂತ ಕಲ್ಲುಕ್ವಾರಿ, ಯಾವುದನ್ನೂ ಬಿಡುವುದಿಲ್ಲ. ಸಂಜೆಯೊಳಗೆ ಮೊಬೈಲಿನಲ್ಲಿ ರೀಲ್ಸ್ ಬಂದಿರುತ್ತದೆ.

ಹೋಗಬೇಡಿ ಎನ್ನುವುದಕ್ಕೆ ಈ ಮಾತು ಎತ್ತಿದ್ದಲ್ಲ. ಹೋಗಿ. ನಮ್ಮ ಸೀಮೆಯಲ್ಲಿ ಪಾಳೆಗಾರರು ಆಳಿದ ಗುಡೇಕೋಟೆ, ಜರಿಮಲೆ, ಹರಪನಹಳ್ಳಿಯಂಥ ಊರುಗಳಿವೆ. ಅವನ್ನು ಈ ಊರಿನ ಮಕ್ಕಳೇ ನೋಡದಿದ್ದರೆ ಇನ್ಯಾರು ನೋಡಬೇಕು? ಪಾಳುಬಿದ್ದ ಜಾಗ ಹುಡುಕಿ ಹೋಗುವ ಹವ್ಯಾಸ ಲೋಕದಲ್ಲೆಲ್ಲಾ ಇದೆ. ಕೆನಡಾದ ಟೊರಾಂಟೊದಲ್ಲಿ ಜೆಫ್ ಚಾಪ್‌ಮನ್ ಎಂಬಾತ 1996ರಲ್ಲಿ ಇದಕ್ಕೆಂದೇ ಒಂದು ಪುಟ್ಟ ಪತ್ರಿಕೆ ಶುರುಮಾಡಿದ, 2005ರಲ್ಲಿ ಪುಸ್ತಕವನ್ನೂ ಬರೆದ. ಬೇಲಿ ದಾಟಿ ಒಳಗೆ ನುಗ್ಗುವುದನ್ನೇ ಹವ್ಯಾಸ ಮಾಡಿಕೊಂಡಿದ್ದ ಅವನು ಕೂಡ ಒಡೆಯಬಾರದು, ಕದಿಯಬಾರದು ಎಂಬ ಶಿಸ್ತನ್ನು ಬಿಟ್ಟವನಲ್ಲ.

ನಮ್ಮಲ್ಲಿ ಒಂದು ಗಾದೆ ಇದೆ: ಹಾಳೂರಿಗೆ ಉಳಿದವನೇ ಗೌಡ. ನಗೆಯಾಡಲು ಹೇಳುವ ಮಾತಾದರೂ ನಿಮಗೆ ಅದು ನೇರ ಅನ್ವಯಿಸುತ್ತದೆ. ಹಾಳು ಕೋಟೆಯಲ್ಲಿ ಕಾವಲುಗಾರನಿಲ್ಲ, ಎಚ್ಚರಿಕೆಯ ಫಲಕವಿಲ್ಲ, ಕೆಳಗಿಳಿ ಎಂದು ಗದರುವವರಿಲ್ಲ. ಒಳಗೆ ಕಾಲಿಟ್ಟ ಗಳಿಗೆಯಿಂದ ಅಲ್ಲಿಯ ಗೌಡಿಕೆ ನಿಮ್ಮದೇ. ಗೌಡಿಕೆ ಎಂದರೆ ಮೀಸೆ ತಿರುವುವುದಷ್ಟೇ ಅಲ್ಲ. ಜತೆಗೆ ಬಂದವರ ಜೀವಕ್ಕೂ ಅಲ್ಲಿರುವ ಕಲ್ಲಿಗೂ ನಾಳೆ ಜವಾಬು ಹೇಳಬೇಕಾದವರು ನೀವೇ.

ಮೊದಲು ಗಾಳಿಯ ವಿಷಯ. ಹಳೇ ವಾಡೆಗಳಲ್ಲಿ, ಊರ ಬಯಲುಗಳಲ್ಲಿ ಹಗೇವು ಇರುತ್ತವೆ. ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದ ನೆಲದೊಳಗಿನ ಕಣಜ ಅದು. ಬಾಯಿ ಸಣ್ಣದು, ಒಬ್ಬ ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು. ಮುಚ್ಚಿಟ್ಟ ಕಾಳೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಈ ಗಾಳಿ ಭಾರ, ಮೇಲೇಳದೆ ತಳದಲ್ಲೇ ನಿಲ್ಲುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕೇ ಹಿಂದಿನವರು ಹಗೇವು ತೆರೆದ ಕೂಡಲೇ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟು, ದೀಪ ಆರಿದರೆ ಹಿಂದೆ ಸರಿಯುತ್ತಿದ್ದರು. ಇದನ್ನು ಕೇಳಿ ನೀವು ಮೊಬೈಲ್ ಟಾರ್ಚು ಹಿಡಿದು ಇಳಿಯಬೇಡಿ. ಟಾರ್ಚಿಗೆ ಆಮ್ಲಜನಕ ಬೇಡ, ಹೆಣದ ಪಕ್ಕದಲ್ಲೂ ಉರಿಯುತ್ತಲೇ ಇರುತ್ತದೆ. ದೀಪ ಆರಿದರೆ ಇಳಿಯಬಾರದು ಎಂಬುದು ನಿಜ. ಆರದಿದ್ದರೆ ಇಳಿಯಬಹುದು ಎಂದು ಅರ್ಥವಲ್ಲ. ದೀಪ ಆರಿಸದ ವಿಷಗಾಳಿಗಳೂ ಇವೆ. ಹಾಳು ಬಾವಿ, ನೆಲಮಾಳಿಗೆ, ಸುರಂಗವೆಂದು ಜನ ತೋರಿಸುವ ಕಿಂಡಿಗಳಿಗೂ ಇದೇ ಮಾತು. ಮೇಲಿಂದ ನೋಡಿ, ಫೋಟೊ ತೆಗೆಯಿರಿ, ಇಳಿಯಬೇಡಿ.

ಒಂದು ವೇಳೆ ಒಬ್ಬ ಇಳಿದು ಕುಸಿದುಬಿದ್ದ ಎಂದುಕೊಳ್ಳಿ. ಗೆಳೆಯನನ್ನು ಎತ್ತಲು ಎರಡನೆಯವನು ಧುಮುಕುತ್ತಾನೆ, ಅವನ ಹಿಂದೆ ಮೂರನೆಯವನು. ಇಂಥ ಗುಂಡಿಗಳಲ್ಲಿ ಸಾವು ಒಂದಕ್ಕೆ ನಿಲ್ಲದಿರುವುದು ಈ ಕಾರಣಕ್ಕೇ. ಎದೆ ಎಷ್ಟೇ ಹೊಡೆದುಕೊಂಡರೂ ಮೇಲೆ ನಿಂತು 112ಕ್ಕೆ ಫೋನು ಮಾಡಿ, ಊರವರನ್ನು ಕೂಗಿ. ಆ ಹೊತ್ತಿನಲ್ಲಿ ಇಳಿಯದೆ ನಿಲ್ಲುವುದೇ ನಿಜವಾದ ಧೈರ್ಯ.

ಎರಡನೆಯದು ಗೋಡೆ ಮತ್ತು ಮಾಳಿಗೆ. ಕೋಟೆ ಗೋಡೆ ಹೊರಗಿನಿಂದ ಅಖಂಡ ಬಂಡೆಯ ಹಾಗೆ ಕಂಡರೂ ಬಹಳ ಕಡೆ ಎರಡು ಬದಿ ಮಾತ್ರ ಕಲ್ಲು, ನಡುವೆ ತುಂಬಿದ್ದು ಮಣ್ಣು, ಜಲ್ಲಿ. ಮಳೆ ನೀರು ಒಳಗಿಳಿದಾಗ ಮಣ್ಣು ನೆನೆದು ಉಬ್ಬುತ್ತದೆ, ಕಲ್ಲನ್ನು ಹೊರಕ್ಕೆ ನೂಕುತ್ತದೆ. ಸಂದಿಯಲ್ಲಿ ಅರಳಿ, ಆಲ, ಬಸರಿ ಬೇರು ಬಿಟ್ಟರೆ ಮುಗಿಯಿತು. ಹೊಟ್ಟೆ ಬಿಟ್ಟ ಗೋಡೆ ಕಂಡರೆ ಅದರ ಬುಡದಲ್ಲಿ ಕೂರಬೇಡಿ, ನೆತ್ತಿಯ ಮೇಲೆ ನಡೆಯಬೇಡಿ. ಮಳೆ ನಿಂತು ಬಿಸಿಲು ಬಂದ ಮಾತ್ರಕ್ಕೆ ಅಪಾಯ ಹೋಗುವುದಿಲ್ಲ, ನೆಂದ ಗೋಡೆ ನಾಲ್ಕು ದಿನ ಬಿಟ್ಟೂ ಬೀಳುತ್ತದೆ.

ನಮ್ಮ ಕಡೆಯ ಮಾಳಿಗೆ ಮನೆಗಳ ಸೂಕ್ಷ್ಮ ನಿಮ್ಮ ಅಜ್ಜನಿಗೆ ಗೊತ್ತು. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಸೊಪ್ಪು ಸದೆ, ಅದರ ಮೇಲೆ ಮಣ್ಣು. ಜನ ವಾಸವಿರುವವರೆಗೆ ವರ್ಷಕ್ಕೊಮ್ಮೆ ಮೇಲೆ ಮಣ್ಣು ಹಾಕಿ ಸೋರದಂತೆ ನೋಡಿಕೊಳ್ಳುತ್ತಾರೆ. ಮನೆ ಬಿಟ್ಟ ಮೇಲೆ ಸೋರಿದ ನೀರಿಗೆ ಜಂತಿ ಕೊಳೆಯುತ್ತದೆ, ಗೆದ್ದಲು ಒಳಗಿಂದೊಳಗೇ ತಿಂದು ಹೊರಗಿನ ಸಿಪ್ಪೆಯನ್ನಷ್ಟೇ ಉಳಿಸುತ್ತದೆ. ಕೆಳಗಿನಿಂದ ನೋಡಿದರೆ ಗಟ್ಟಿ, ಮೇಲೆ ಕಾಲಿಟ್ಟರೆ ನೇರ ಪಡಸಾಲೆಗೆ. ಹಾಳು ಮಾಳಿಗೆ ಹತ್ತಬೇಡಿ. ಒಳಗೆ ಹೋಗಲೇಬೇಕೆಂದರೆ ಮನೆ ಯಾರದೆಂದು ವಿಚಾರಿಸಿ, ಒಪ್ಪಿಗೆ ಕೇಳಿ. ನೂರು ವರ್ಷದಿಂದ ಬೀಗ ಬಿದ್ದ ಮನೆಗೂ ಒಬ್ಬ ವಾರಸುದಾರ ಇದ್ದೇ ಇರುತ್ತಾನೆ.

ಬಂಡೆ ಹತ್ತುವವರಿಗೆ ಒಂದು ಮಾತು. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಲಿ ಹತ್ತುವ ಜ್ಯೋತಿರಾಜ್ ಅವರ ವಿಡಿಯೊ ನೀವೂ ನೋಡಿದ್ದೀರಿ. ವರ್ಷಗಟ್ಟಲೆ ಮೈ ಪಳಗಿಸಿದವರು ಮಾಡುವ ಕೆಲಸ ಅದು, ಒಂದು ಮಧ್ಯಾಹ್ನದ ಹುಮ್ಮಸ್ಸಿಗೆ ದಕ್ಕುವುದಲ್ಲ. ಹತ್ತುವುದು ಸುಲಭ, ಇಳಿಯುವಾಗ ಕಾಲಿಡುವ ಜಾಗ ಕಣ್ಣಿಗೆ ಕಾಣುವುದಿಲ್ಲ.

ಮೂರನೆಯದು, ಕೋಟೆಯಲ್ಲಿ ಈಗ ಯಾರಿದ್ದಾರೆ ಎಂಬುದು. ಪಾಳೆಗಾರರು ಹೋದರು, ಕರಡಿಗಳು ಉಳಿದವು. ಗುಡೇಕೋಟೆಯ ಸುತ್ತಿನ ಕಾಡನ್ನು 2013ರಲ್ಲಿ ಕರಡಿಧಾಮವೆಂದು ಘೋಷಿಸಿದ್ದು ಸುಮ್ಮನೆ ಅಲ್ಲ. ಗುಂಡುಗಳ ನಡುವಿನ ಗವಿಗಳಲ್ಲಿ ಕರಡಿ ಹಗಲೆಲ್ಲಾ ಮಲಗಿ, ಹೊತ್ತು ಇಳಿದ ಮೇಲೆ ಗೆದ್ದಲು, ಹಣ್ಣು, ಜೇನು ಹುಡುಕಿ ಹೊರಬರುತ್ತದೆ. ಅದರ ಮೂಗು ಚುರುಕು, ಕಣ್ಣು ಕಿವಿ ಮಂದ. ಗಾಳಿ ನಿಮ್ಮ ಕಡೆಯಿಂದ ಅದರ ಕಡೆಗೆ ಬೀಸದಿದ್ದರೆ ನೀವು ತೀರಾ ಹತ್ತಿರ ಹೋಗುವವರೆಗೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆಗ ಬೆಚ್ಚಿಬಿದ್ದು ಮೇಲೇರಿ ಬರುತ್ತದೆ. ಬೆನ್ನ ಮೇಲೆ ಮರಿಯಿದ್ದ ತಾಯಿಯಾದರಂತೂ ಕೇಳುವುದೇ ಬೇಡ. ಆದ್ದರಿಂದ ಗುಂಪಾಗಿ, ಮಾತಾಡುತ್ತಾ ನಡೆಯಿರಿ. ಕಿವಿಗೆ ಇಯರ್‌ಫೋನ್ ಬೇಡ. ಗವಿಯೊಳಗೆ ಇಣುಕಬೇಡಿ, ಕಲ್ಲು ಎಸೆದು ನೋಡಬೇಡಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅಲ್ಲಿ ಇರಲೇಬೇಡಿ. ಕರಡಿಧಾಮದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ ಎಂಬುದೂ ನೆನಪಿರಲಿ.

ಕರಡಿಗಿಂತ ನನಗೆ ಹೆದರಿಕೆ ಹೆಜ್ಜೇನಿನದು. ಬಂಡೆಯ ಚಾಚಿನಡಿ, ಗೋಪುರದ ಮೂಲೆಯಲ್ಲಿ ತಟ್ಟೆ ತಟ್ಟೆ ತೂಗುತ್ತಿರುತ್ತವೆ. ಹೊಗೆ, ಡ್ರೋನಿನ ಸದ್ದು, ಹುಟ್ಟುಹಬ್ಬದ ಪಟಾಕಿ, ಯಾವುದರಿಂದ ಎದ್ದರೂ ಅಟ್ಟಿಸಿಕೊಂಡು ಬರುತ್ತವೆ. ಎದ್ದರೆ ಮುಖ ಮುಚ್ಚಿಕೊಂಡು ಓಡಿ, ನೀರಿಗೆ ಹಾರಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಅಲುಗಾಡಿಸದೆ, 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಒಯ್ಯಿರಿ. ಮಂತ್ರ ಹಾಕಿಸುತ್ತಾ ಹೊತ್ತು ಕಳೆಯಬೇಡಿ.

ಹಿನ್ನೀರಿನ ಕಡೆ ಹೋಗುವವರಿಗೆ ಬೇರೆಯೇ ಎಚ್ಚರಿಕೆ ಬೇಕು. ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ನಾರಾಯಣದೇವರಕೆರೆಯಂಥ ಊರುಗಳು ನೀರಿನ ಪಾಲಾದವು, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆ ನಿಂತರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ನೆಲ ಒಣಗಿ ಬಿರುಕು ಬಿಟ್ಟಂತೆ ಕಾಣುತ್ತದೆ. ಮೇಲಿನ ಪದರ ಮಾತ್ರ ಒಣಗಿರುತ್ತದೆ, ಕೆಳಗೆ ಹೂಳು ಹಸಿಯಾಗಿಯೇ ಇರುತ್ತದೆ. ಮೊಣಕಾಲವರೆಗೆ ಹೂತರೆ ಒಬ್ಬರೇ ಕಿತ್ತುಕೊಳ್ಳುವುದು ಕಷ್ಟ. ದನ ಕುರಿಗಳ ಹೆಜ್ಜೆ ಬಿದ್ದ ದಾರಿಯಲ್ಲೇ ನಡೆಯಿರಿ, ಅಲ್ಲಿಯ ಮೀನುಗಾರರನ್ನು ಕೇಳಿ ಮುಂದೆ ಹೋಗಿ. ಕ್ವಾರಿ ಹೊಂಡಗಳಲ್ಲಂತೂ ಈಜಬೇಡಿ. ಕೆರೆಯ ಹಾಗೆ ಅದಕ್ಕೆ ಇಳಿಜಾರಿಲ್ಲ, ದಡದಿಂದಲೇ ಆಳ. ಹಿಡಿದು ಹತ್ತಲು ಮೆಟ್ಟಿಲೂ ಇಲ್ಲ.

ಏನಾದರೂ ಆದರೆ ಬಂದು ಎತ್ತುತ್ತಾರೆ ಎಂಬ ನಂಬಿಕೆ ಕೆಲವರಿಗಿದೆ. 2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದ ಬಂಡೆಯಿಂದ ಜಾರಿ ಸುಮಾರು 300 ಅಡಿ ಕೆಳಗೆ ಸಿಕ್ಕಿಬಿದ್ದ ವಿದ್ಯಾರ್ಥಿಯೊಬ್ಬನನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿತು. ಆ ಬೆಟ್ಟಕ್ಕೆ ಯಲಹಂಕದ ವಾಯುನೆಲೆ ಹತ್ತಿರ. ಜರಿಮಲೆಗೆ ಯಾವ ವಾಯುನೆಲೆ ಹತ್ತಿರವಿದೆ? ಇಲ್ಲಿ ನಿಮ್ಮ ಕೂಗು ಕೇಳಿ ಮೊದಲು ಓಡಿಬರುವವನು ಕುರಿ ಕಾಯುವವನು. ಆಮೇಲೆ ಬರುವವರು ಹೊಲದಲ್ಲಿ ಶೇಂಗಾ ಕೀಳುತ್ತಿದ್ದವರು, ಎತ್ತಿನ ಹಗ್ಗ ಬಿಚ್ಚಿಕೊಂಡು. ಅವರಿಗೂ ಹೆಂಡತಿ ಮಕ್ಕಳಿದ್ದಾರೆ, ನಿಮ್ಮನ್ನು ಎತ್ತಲು ಹೋಗಿ ಅವರು ಜಾರಬಹುದು. ‘ನನ್ನ ಜೀವ, ನನ್ನಿಷ್ಟ’ ಎನ್ನುವ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ಇನ್ನು ಕಲ್ಲಿನ ಲೆಕ್ಕ. ಹಂಪಿಯ ಗುಡಿಯೊಂದರ ಕಂಬ ಉರುಳಿಸಿದ ಯುವಕರ ವಿಡಿಯೊ 2019ರ ಫೆಬ್ರುವರಿಯಲ್ಲಿ ಹರಿದಾಡಿತು. ಹೊಸಪೇಟೆಯ ನ್ಯಾಯಾಲಯ ನಾಲ್ವರಿಗೂ ತಲಾ 70,000 ರೂಪಾಯಿ ದಂಡ ಹಾಕಿ, ಉರುಳಿಸಿದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ಬಾಗಳಿಯ ಕಲ್ಲೇಶ್ವರ ಗುಡಿಯಂಥ ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾನೂನಿನ ಲೆಕ್ಕಕ್ಕೆ ಸಿಗದ ಕಲ್ಲುಗಳೇ ನಮ್ಮಲ್ಲಿ ಹೆಚ್ಚು. ಹೊಲದ ಬದುವಿನ ವೀರಗಲ್ಲು, ಮಾಸ್ತಿಗಲ್ಲು, ಬೇಲಿಯಲ್ಲಿ ಬಿದ್ದ ಶಾಸನ. ಅದರ ಮೇಲೆ ಹೆಸರು ಕೆತ್ತಬೇಡಿ, ಅಕ್ಷರ ಕಾಣಲೆಂದು ಸುಣ್ಣ ಬಳಿಯಬೇಡಿ, ಮನೆಯಂಗಳಕ್ಕೆ ಹೊತ್ತು ತರಬೇಡಿ. ಇದ್ದಲ್ಲಿ ಇದ್ದರೇ ಅದಕ್ಕೆ ಅರ್ಥ.

ನಿಧಿಗಳ್ಳರ ಕಾಟ ನಮ್ಮ ಸೀಮೆಗೆ ಹೊಸದಲ್ಲ. ಅಮಾವಾಸ್ಯೆಗೆ ಲಿಂಗ ಕಿತ್ತು, ಬಸವಣ್ಣನನ್ನು ಒಡೆದು ಗುಂಡಿ ತೋಡಿ ಹೋದ ಗುಡಿಗಳನ್ನು ನೀವೇ ನೋಡಿದ್ದೀರಿ. ರಾತ್ರಿ ಟಾರ್ಚು ಹಿಡಿದು ಗುಡಿಯಲ್ಲಿ ಸುಳಿದಾಡಿದರೆ ಊರವರು ನಿಮ್ಮನ್ನು ಏನೆಂದುಕೊಳ್ಳಬೇಕು? ಹಗಲು ಹೋಗಿ. ಊರೊಳಗೆ ಬೈಕು ನಿಲ್ಲಿಸಿ, ಕಟ್ಟೆಯ ಮೇಲಿನ ಹಿರಿಯರಿಗೆ ಇಂಥವರ ಮಕ್ಕಳು, ಕೋಟೆ ನೋಡಲು ಬಂದಿದ್ದೇವೆ ಎನ್ನಿ. ಅನುಮಾನ ಹೋಗುತ್ತದೆ, ಮೇಲಾಗಿ ಯಾವ ಗೋಡೆ ಹೋದ ಮಳೆಗಾಲದಲ್ಲಿ ಬಿತ್ತು, ಕರಡಿ ಎಲ್ಲಿ ಕಂಡಿತು ಎಂಬ ಸುದ್ದಿಯೂ ಸಿಗುತ್ತದೆ. ಯಾವ ಗೂಗಲ್ ಮ್ಯಾಪಿನಲ್ಲೂ ಅದು ಇರುವುದಿಲ್ಲ. ನೀವು ಕಂಡ ಅಪರೂಪದ ಗುಡಿಯ ಲೊಕೇಶನ್ ಎಲ್ಲರಿಗೂ ಹಂಚುವ ಮುನ್ನ ಒಮ್ಮೆ ಯೋಚಿಸಿ, ಅದನ್ನು ಕಳ್ಳರೂ ನೋಡುತ್ತಾರೆ.

ಹೊರಡುವಾಗ ಮೂರ್ನಾಲ್ಕು ಜನರಾದರೂ ಇರಿ. ಒಬ್ಬ ಬಿದ್ದರೆ ಒಬ್ಬ ಪಕ್ಕದಲ್ಲಿ ಕೂರಬೇಕು, ಒಬ್ಬ ಓಡಬೇಕು. ಚಪ್ಪಲಿ ಬಿಟ್ಟು ಬೂಟು ಹಾಕಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಸೀಮೆ ನಮ್ಮದು, ಬಂಡೆ ಕಾದ ಹಂಚಾಗುತ್ತದೆ. ನೀರು ಹೆಚ್ಚಾಯಿತೆನಿಸುವಷ್ಟು ಒಯ್ಯಿರಿ. ಬಾಟಲಿ ತುಂಬಿ ಬೇರೆ ಏನನ್ನೂ ಒಯ್ಯಬೇಡಿ, ಕುಡಿದವನ ಕಾಲು ಕೋಟೆಯಲ್ಲಿ ನಿಲ್ಲುವುದಿಲ್ಲ. ಗುಂಪಿನಲ್ಲಿ ಒಬ್ಬರು, ಹುಡುಗನಿರಲಿ ಹುಡುಗಿಯಿರಲಿ, ‘ನನಗೆ ಹೆದರಿಕೆ, ಸಾಕು’ ಎಂದರೆ ಎಲ್ಲರೂ ಹಿಂತಿರುಗಿ. ಹೆದರಿದವರನ್ನು ಹಂಗಿಸಿ ಹತ್ತಿಸುವವನು ಗೌಡಿಕೆಗೆ ತಕ್ಕವನಲ್ಲ.

ಕೊನೆಯದಾಗಿ, ಬಹಳ ಸಣ್ಣದೊಂದು ಕೆಲಸ. ಎಲ್ಲಿಗೆ ಹೋಗುತ್ತೇವೆ, ಯಾರ್‍ಯಾರು ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಒಬ್ಬರಿಗೆ ನಿಜ ಹೇಳಿ ಹೊರಡಿ. ಟ್ಯೂಷನ್ನಿಗೆಂದು ಸುಳ್ಳು ಹೇಳಿ ಕೋಟೆಗೆ ಹೋದವರನ್ನು ಕತ್ತಲಾದ ಮೇಲೆ ಎಲ್ಲಿ ಹುಡುಕುವುದು? ಬೈಯುತ್ತಾರೆಂಬ ಹೆದರಿಕೆ ಇದ್ದರೆ ಅಕ್ಕನಿಗೋ ಮಾವನಿಗೋ ಅಜ್ಜಿಗೋ ಹೇಳಿ. ಅಪ್ಪ ಅಮ್ಮಂದಿರಲ್ಲೂ ನನ್ನ ವಿನಂತಿ ಇಷ್ಟೇ: ಮಕ್ಕಳು ನಿಜ ಹೇಳಿದ ದಿನ ಬೈಯಬೇಡಿ. ಬೈದರೆ ಮುಂದಿನ ಭಾನುವಾರ ಅವರು ಹೇಳದೆ ಹೋಗುತ್ತಾರೆ.