ಲ್ಯಾಪ್‌ಟಾಪ್ ಸದಾ ಆನ್ ಇದ್ದರೆ ಹಾಳಾಗುತ್ತದೆಯೇ?

ಕಳೆದ ವರ್ಷ ಪ್ರಥಮ ಪಿಯುಸಿಯ ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು: "ಸರ್, ಲ್ಯಾಪ್‌ಟಾಪನ್ನು ಆಫ್ ಮಾಡದೆ ಹಾಗೆಯೇ ಇಟ್ಟರೆ ಹಾಳಾಗುತ್ತದಾ?" ಪಾಠ ಮುಗಿಸುವ ಅವಸರದಲ್ಲಿದ್ದ ನಾನು, "ಏನೂ ಆಗುವುದಿಲ್ಲ, ಬ್ಯಾಂಕಿನ ಸರ್ವರ್‌ಗಳು ತಿಂಗಳುಗಟ್ಟಲೆ ಓಡುತ್ತಲೇ ಇರುತ್ತವಲ್ಲ" ಎಂದು ಹೇಳಿ ಬೋರ್ಡಿನ ಕಡೆ ತಿರುಗಿದೆ. ಸರ್ವರ್‌ಗಳ ಮಟ್ಟಿಗೆ ಆ ಮಾತು ಸರಿ. ಆದರೆ ಅವಳು ಸರ್ವರ್ ಬಗ್ಗೆ ಕೇಳಿರಲಿಲ್ಲ. ಹಾಗಾಗಿ ಅಂದಿನ ಉತ್ತರವನ್ನು ಇಲ್ಲಿ ತಿದ್ದುತ್ತಿದ್ದೇನೆ.

ತಿದ್ದಬೇಕು ಅನಿಸಿದ್ದು ನನ್ನದೇ ಲ್ಯಾಪ್‌ಟಾಪ್‌ನಿಂದ. ಮೂರು ವರ್ಷ ಅದು ಹಗಲೂ ರಾತ್ರಿ ಚಾರ್ಜರಿಗೆ ಅಂಟಿಕೊಂಡೇ ಇತ್ತು. ಮುಚ್ಚುತ್ತಿದ್ದೆ, ಆಫ್ ಮಾಡುತ್ತಿರಲಿಲ್ಲ. ಈ ಸಲ ರಮಝಾನ್‌ನಲ್ಲಿ ಸಹರಿಗೆ ಎದ್ದವನು ಪ್ರಶ್ನೆಪತ್ರಿಕೆಯೊಂದನ್ನು ಮುಗಿಸೋಣವೆಂದು ಕುಳಿತರೆ ಟಚ್‌ಪ್ಯಾಡ್ ಒತ್ತಲಾಗುತ್ತಿಲ್ಲ. ಮೇಜಿನ ಮೇಲಿಟ್ಟರೆ ಒಂದು ಕಾಲು ಗಿಡ್ಡವಾದ ಸ್ಟೂಲಿನಂತೆ ಅಲುಗಾಡುತ್ತದೆ. ತಿರುಗಿಸಿ ನೋಡಿದೆ, ಅಡಿಭಾಗ ಉಬ್ಬಿತ್ತು. ಒಳಗಿನ ಬ್ಯಾಟರಿ ಊದಿಕೊಂಡಿತ್ತು. ರಾತ್ರಿಯಿಡೀ ಅದು ಚಾರ್ಜ್ ಆಗುತ್ತಿದ್ದದ್ದು ಮಕ್ಕಳು ಮಲಗುವ ಮಂಚದ ತಲೆಕಡೆ. ಅಂದು ಪ್ರಶ್ನೆಪತ್ರಿಕೆ ಮುಗಿಯಲಿಲ್ಲ.

ಈಗ ಪಾಠಕ್ಕೆ ಬರೋಣ. ಲ್ಯಾಪ್‌ಟಾಪ್ ಎಂದರೆ ಒಂದೇ ವಸ್ತುವಲ್ಲ. ಪ್ರೊಸೆಸರ್, ಮೆಮೊರಿ, ಎಸ್‌ಎಸ್‌ಡಿ ಇವುಗಳಲ್ಲಿ ತಿರುಗುವ ಭಾಗಗಳಿಲ್ಲ. ಆನ್ ಇದ್ದ ಮಾತ್ರಕ್ಕೆ ಇವು ಸವೆದುಹೋಗುವುದಿಲ್ಲ. ಪ್ರೊಸೆಸರ್ ತೀರಾ ಬಿಸಿಯಾಗಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಪದೇ ಪದೇ ಆನ್-ಆಫ್ ಮಾಡಿದರೆ ಭಾಗಗಳು ಬಿಸಿಯಾಗಿ ಹಿಗ್ಗಿ, ತಣಿದು ಕುಗ್ಗಿ, ಬೆಸುಗೆಗಳು ದುರ್ಬಲವಾಗುತ್ತವೆ ಎಂದು ಕೆಲವರು ವಾದಿಸುತ್ತಾರೆ. ತತ್ತ್ವದಲ್ಲಿ ಅದು ನಿಜ. ಆದರೆ ದಿನಕ್ಕೊಮ್ಮೆ ಆಫ್ ಮಾಡುವುದಕ್ಕೆ ಹೆದರುವಷ್ಟು ದೊಡ್ಡ ವಿಷಯವಲ್ಲ. ಫ್ಯಾನ್ ಮಾತ್ರ ತಿರುಗಿದಷ್ಟೂ ಸವೆಯುತ್ತದೆ, ಧೂಳನ್ನೂ ಎಳೆದುಕೊಳ್ಳುತ್ತದೆ.

ಇನ್ನು ಬ್ಯಾಟರಿ. ಸರ್ವರ್‌ಗೂ ನಿಮ್ಮ ಲ್ಯಾಪ್‌ಟಾಪ್‌ಗೂ ಮುಖ್ಯ ವ್ಯತ್ಯಾಸ ಇರುವುದು ಇಲ್ಲೇ. ಸರ್ವರ್ ತಣ್ಣಗಿನ ಎಸಿ ಕೋಣೆಯಲ್ಲಿ ನೇರ ವಿದ್ಯುತ್ತಿನಿಂದ ಓಡುತ್ತದೆ. ಲ್ಯಾಪ್‌ಟಾಪಿನ ಲಿಥಿಯಂ ಅಯಾನ್ ಬ್ಯಾಟರಿಯಾದರೋ ಬಿಸಿಯಾಗುವ ಪ್ರೊಸೆಸರ್ ಇರುವ ಅದೇ ತೆಳ್ಳಗಿನ ಪೆಟ್ಟಿಗೆಯಲ್ಲಿ ಕುಳಿತಿದೆ. ಈ ಬಗೆಯ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ರೂಪಿಸಿದ್ದಕ್ಕೆ 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

100 ಶೇಕಡಾ ಆದ ಮೇಲೂ ಚಾರ್ಜರ್ ಹಾಗೇ ಇದ್ದರೆ ಕರೆಂಟು ಬ್ಯಾಟರಿಗೆ ನುಗ್ಗುತ್ತಲೇ ಇರುತ್ತದೆ ಎಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಒಳಗಿನ ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸಿ, ಯಂತ್ರವನ್ನು ಅಡಾಪ್ಟರಿನಿಂದಲೇ ನಡೆಸುತ್ತದೆ. ತೊಂದರೆ ಇರುವುದು ತುಂಬಿದ ಸ್ಥಿತಿಯಲ್ಲೇ. ಪೂರ್ತಿ ತುಂಬಿದಾಗ ಪ್ರತಿ ಸೆಲ್ ಸಾಮಾನ್ಯವಾಗಿ 4.2 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚಿನ ಒತ್ತಡದಲ್ಲಿರುತ್ತದೆ. ಆಗ ಎಲೆಕ್ಟ್ರೋಡ್‌ಗಳ ಮೇಲ್ಮೈಯಲ್ಲಿ ಎಲೆಕ್ಟ್ರೋಲೈಟ್ ನಿಧಾನವಾಗಿ ಒಡೆಯುತ್ತಾ ಹೋಗುತ್ತದೆ. ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ; ಕೆಲವೊಮ್ಮೆ ಅನಿಲ ಹುಟ್ಟಿ ಬ್ಯಾಟರಿ ಊದಿಕೊಳ್ಳುತ್ತದೆ.

ದ್ವಿತೀಯ ಪಿಯುಸಿಯವರು ಇಲ್ಲಿ ಸ್ವಲ್ಪ ನಿಲ್ಲಿ. ರಾಸಾಯನಿಕ ಚಲನಶಾಸ್ತ್ರದ ಅಧ್ಯಾಯದಲ್ಲಿ ಅರ್ಹೀನಿಯಸ್ ಸಮೀಕರಣವನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೀರಿ. ತಾಪಮಾನ 10 ಡಿಗ್ರಿ ಏರಿದರೆ ಹಲವು ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂದು ಅಲ್ಲೇ ಓದಿದ್ದೀರಿ. ಬ್ಯಾಟರಿಯ ಮುಪ್ಪೂ ಒಂದು ರಾಸಾಯನಿಕ ಕ್ರಿಯೆಯೇ. ಆ ಲೆಕ್ಕದಲ್ಲಿ 25 ಡಿಗ್ರಿಯಲ್ಲಿರುವ ಬ್ಯಾಟರಿಗಿಂತ 45 ಡಿಗ್ರಿಯಲ್ಲಿರುವುದು ಸುಮಾರು ನಾಲ್ಕು ಪಟ್ಟು ಬೇಗ ಮುಪ್ಪಾಗಬೇಕು. ಇದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ, ದಿಕ್ಕು ತಿಳಿಯಲು ಸಾಕು. ನಮ್ಮ ಕರಾವಳಿಯ ಮಾರ್ಚ್ ತಿಂಗಳ ಸೆಖೆಯಲ್ಲಿ, ಹಾಸಿಗೆಯ ಮೇಲೆ, ಗಾಳಿಯ ಕಿಂಡಿ ಮುಚ್ಚಿಕೊಂಡು, 100 ಶೇಕಡಾದಲ್ಲಿ ನಿಂತ ಬ್ಯಾಟರಿ! ನಾನು ಮೂರು ವರ್ಷ ಮಾಡಿದ ಪ್ರಯೋಗ ಇದೇ.

ಬ್ಯಾಟರಿಯನ್ನು ಸೊನ್ನೆಗೆ ಇಳಿಸಿ ಮತ್ತೆ ತುಂಬಿಸಬೇಕೆಂಬ ಹಿರಿಯರ ಸಲಹೆ ಹಳೆಯ ನಿಕಲ್ ಕ್ಯಾಡ್ಮಿಯಂ ಕಾಲದ್ದು. ಲಿಥಿಯಂಗೆ ಅದು ಬೇಕಿಲ್ಲ, ಒಳ್ಳೆಯದೂ ಅಲ್ಲ.

ಸದಾ ಆನ್ ಇಡುವುದಕ್ಕೆ ಸಾಫ್ಟ್‌ವೇರ್ ಕಡೆಯಿಂದಲೂ ಒಂದು ಸ್ವಾರಸ್ಯದ ಕಥೆ ಇದೆ. ವಿಂಡೋಸ್ 95 ಮತ್ತು 98ರಲ್ಲಿ ಒಂದು ದೋಷವಿತ್ತು: ಸತತ 49.7 ದಿನ ಓಡಿದರೆ ಕಂಪ್ಯೂಟರ್ ಸ್ತಬ್ಧವಾಗಬಹುದಿತ್ತು. ಏಕೆ 49.7? ಆನ್ ಆದಾಗಿನಿಂದ ಕಳೆದ ಮಿಲಿಸೆಕೆಂಡುಗಳನ್ನು 32 ಬಿಟ್‌ನ ಎಣಿಕೆಯಲ್ಲಿಡಲಾಗುತ್ತಿತ್ತು. 2ರ ಘಾತ 32 ಎಂದರೆ 429,49,67,296. ಅದನ್ನು ದಿನಗಳಿಗೆ ಪರಿವರ್ತಿಸಿ ನೋಡಿ, ಉತ್ತರ ತಾನೇ ಬರುತ್ತದೆ. ಇಂದಿನ ವಿಂಡೋಸ್‌ನಲ್ಲಿ ಆ ದೋಷವಿಲ್ಲ. ಆದರೆ ಕೆಲವು ಪ್ರೋಗ್ರಾಂಗಳು ಪಡೆದ ಮೆಮೊರಿಯನ್ನು ಹಿಂದಿರುಗಿಸದೆ ಹಿಡಿದಿಡುವುದರಿಂದ, ವಾರಗಟ್ಟಲೆ ಆಫ್ ಆಗದ ಯಂತ್ರ ಮಂದವಾಗುತ್ತದೆ. ಇನ್ನೊಂದು ವಿಷಯ: ಫಾಸ್ಟ್ ಸ್ಟಾರ್ಟಪ್ ಆಯ್ಕೆ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್‌ನ ತಿರುಳನ್ನು ಡಿಸ್ಕಿನಲ್ಲಿ ಉಳಿಸಿಕೊಂಡು ಮಲಗುತ್ತದೆ. ಪೂರ್ತಿ ಹೊಸದಾಗಿ ಆರಂಭವಾಗಬೇಕಾದರೆ ರೀಸ್ಟಾರ್ಟ್ ಒತ್ತಬೇಕು.

ಕರೆಂಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸುಮ್ಮನೆ ಆನ್ ಇರುವ ಲ್ಯಾಪ್‌ಟಾಪ್ 15 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ವರ್ಷವಿಡೀ ಸುಮಾರು 131 ಯೂನಿಟ್. ಸ್ಲೀಪ್‌ನಲ್ಲಿ ಇದರ ಸಣ್ಣ ಪಾಲು ಸಾಕು.

ಈಗ ನಾನು ಮಾಡುತ್ತಿರುವುದು ಇಷ್ಟು. ಹೊಸ ಬ್ಯಾಟರಿ ಹಾಕಿಸಿ, ಸೆಟ್ಟಿಂಗ್‌ನಲ್ಲಿ ಚಾರ್ಜಿನ ಮಿತಿಯನ್ನು 80 ಶೇಕಡಾಕ್ಕೆ ಇಟ್ಟಿದ್ದೇನೆ. ಹೆಚ್ಚಿನ ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಇದೆ. ತರಗತಿಗಳ ನಡುವೆ ಸ್ಲೀಪ್, ರಾತ್ರಿ ಶಟ್‌ಡೌನ್, ವಾರಕ್ಕೊಮ್ಮೆ ರೀಸ್ಟಾರ್ಟ್. ಜಾಗ ಹಾಸಿಗೆಯಲ್ಲ, ಮೇಜು. ನಿಮ್ಮದೇನಾದರೂ ಊದಿಕೊಂಡಿದ್ದರೆ ತಕ್ಷಣ ಚಾರ್ಜರ್ ತೆಗೆದು ಆಫ್ ಮಾಡಿ. ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ, ಬೆಂಕಿ ಹತ್ತಬಹುದು. ರಿಪೇರಿಯವರ ಕೈಗೆ ಕೊಡಿ, ಕಸದ ಬುಟ್ಟಿಗೆ ಹಾಕಬೇಡಿ.

ಆ ವಿದ್ಯಾರ್ಥಿನಿ ಈಗ ದ್ವಿತೀಯ ಪಿಯುಸಿ. ಅಣ್ಣ ಕೆಲಸಕ್ಕೆ ಸೇರಿ ಕೊಡಿಸಿದ ಲ್ಯಾಪ್‌ಟಾಪನ್ನು ಮನೆಯಲ್ಲಿ ಮೂವರು ಹಂಚಿಕೊಂಡು ಓದುತ್ತಾರಂತೆ. ಕಳೆದ ವಾರ ಲ್ಯಾಬಿಗೆ ತರಿಸಿ ಅದರ ಬ್ಯಾಟರಿ ರಿಪೋರ್ಟ್ ತೆಗೆದೆವು. ಹೊಸದಾಗಿದ್ದಾಗ 41 ವ್ಯಾಟ್ ಅವರ್ ಹಿಡಿಯುತ್ತಿದ್ದದ್ದು ಈಗ 33 ಹಿಡಿಯುತ್ತಿದೆ. "ಅಂದು ನೀವು ಏನೂ ಆಗುವುದಿಲ್ಲ ಎಂದಿದ್ದಿರಿ ಸರ್" ಎಂದಳು. ಹೌದು ಎಂದೆ. ಇಬ್ಬರೂ ಸೇರಿ ಮಿತಿಯನ್ನು 80ಕ್ಕೆ ಇಟ್ಟೆವು. ನಿಮ್ಮದನ್ನೂ ನೋಡಬೇಕಿದ್ದರೆ ಗುರುವಾರ ಮಧ್ಯಾಹ್ನ ಲ್ಯಾಬಿನಲ್ಲಿರುತ್ತೇನೆ. ಚಾರ್ಜರ್ ತರುವ ಅಗತ್ಯವಿಲ್ಲ.