ಕಬ್ಬಿನ ತೂಕದ ಚೀಟಿ ಎಷ್ಟು ವರ್ಷ ಇಡಬೇಕು? ಫೋನಿನ ದಾಖಲೆಗಳಿಗೆ ಗಡುವು ಹಾಕುವ ವಿಧಾನ

ಈ ವಾರ ಬೆಳೆಗೆ ಹೊಡೆಯೋ ಔಷಧಿ, ಗೊಬ್ಬರದ ವಿಚಾರ ಬಿಟ್ಟು ಬೇರೆ ಒಂದು ವಿಷಯ ತಗೊಂಡಿದ್ದೇನೆ. ನಮ್ಮ ಬೂಕನಕೆರೆ ಹೋಬಳಿಯಲ್ಲಿ ಯಾವ ಹುಡುಗನ ಫೋನ್ ತೆಗೆದು ನೋಡಿದರೂ ಅದರೊಳಗೆ ಅರ್ಧ ತಾಲ್ಲೂಕು ಕಚೇರಿ ಇರುತ್ತೆ. ಪಹಣಿ, ಆಧಾರ್, ಅಪ್ಪನ ಬ್ಯಾಂಕ್ ಪಾಸ್‌ಬುಕ್, ಕಬ್ಬಿನ ತೂಕದ ಚೀಟಿ, ಡೈರಿ ಬಟವಾಡೆ ಲೆಕ್ಕ, ಬೀಜದ ಅಂಗಡಿ ಬಿಲ್ಲು, ಬೆಳೆ ಸಮೀಕ್ಷೆ ಫೋಟೊ. ಇವುಗಳ ಮಧ್ಯೆ ಮದುವೆ ವಿಡಿಯೊ, ಶುಭೋದಯದ ಚಿತ್ರ. ಒಂದು ದಿನ ಫೋನು "ಸ್ಟೋರೇಜ್ ಫುಲ್" ಅನ್ನುತ್ತೆ. ಆಗ ನಾವು ಸಿಕ್ಕಿದ್ದನ್ನೆಲ್ಲ ಒತ್ತಿ ಅಳಿಸ್ತೀವಿ. ಆರು ತಿಂಗಳು ಬಿಟ್ಟು ಬೇಕಾಗೋದು ಸರಿಯಾಗಿ ಅಳಿಸಿದ ಆ ಚೀಟಿಯೇ.

ನಾನು ಹೇಳೋದು ಇಷ್ಟೇ. ಯಾವ ದಾಖಲೆ ಎಷ್ಟು ವರ್ಷ ಇರಬೇಕು ಅನ್ನೋದನ್ನು ಫೋನು ತುಂಬಿದ ದಿನ ತೀರ್ಮಾನಿಸಬಾರದು, ಆ ದಾಖಲೆ ಕೈಗೆ ಬಂದ ದಿನವೇ ತೀರ್ಮಾನಿಸಬೇಕು. ದೊಡ್ಡ ಕಂಪನಿಗಳು ಇದಕ್ಕೆ ನಿಯಮ ಬರೆದು ಇಟ್ಟುಕೊಂಡಿರುತ್ತವೆ. ನಮ್ಮ ಸರ್ಕಾರಿ ಕಚೇರಿಗಳಲ್ಲೂ ಹಳೇ ಕಾಲದಿಂದ ಈ ಪದ್ಧತಿ ಇದೆ. ಕಡತಗಳನ್ನು ಎ, ಬಿ, ಸಿ, ಡಿ ಅಂತ ವರ್ಗ ಮಾಡುತ್ತಾರೆ. ಎ ವರ್ಗ ಶಾಶ್ವತ, ಉಳಿದವನ್ನು ಇಂತಿಷ್ಟು ವರ್ಷ ಆದ ಮೇಲೆ ನಾಶ ಮಾಡಬಹುದು. ರೈತನ ಕುಟುಂಬವೂ ಒಂದು ವ್ಯವಹಾರವೇ ತಾನೆ? ನಮಗೂ ಅದೇ ಪದ್ಧತಿ ಸಾಕು.

ಮೊದಲು ಕೇಳಬೇಕಾದ ಎರಡು ಪ್ರಶ್ನೆ

ಒಂದು: ಈ ಕಾಗದವನ್ನು ಯಾರು, ಎಷ್ಟು ವರ್ಷದವರೆಗೆ ಕೇಳಬಹುದು? ಅಥವಾ ಇದನ್ನು ತೋರಿಸಿ ನಾನು ಯಾರನ್ನು ಎಷ್ಟು ವರ್ಷದವರೆಗೆ ಕೇಳಬಹುದು?

ಎರಡು: ಇದು ಕಳೆದರೆ ಇನ್ನೊಂದು ಸಿಗುತ್ತಾ?

ಉದಾಹರಣೆಗೆ ಪಹಣಿ. ಕರ್ನಾಟಕದಲ್ಲಿ ಭೂಮಿ ಯೋಜನೆ ಬಂದು 25 ವರ್ಷ ಆಯಿತು. ಪಹಣಿ ಕಳೆದರೆ ಶುಲ್ಕ ಕಟ್ಟಿ ಇವತ್ತೇ ಇನ್ನೊಂದು ತೆಗೆಯಬಹುದು. ಹೇಗಿದ್ದರೂ ಬ್ಯಾಂಕಿನವರು ಹೊಸದನ್ನೇ ಕೇಳುತ್ತಾರೆ. ಹಾಗಾಗಿ ಫೋನಿನಲ್ಲಿ 20 ಹಳೇ ಪಹಣಿ ಪಿಡಿಎಫ್ ಇಟ್ಟುಕೊಂಡು ಏನೂ ಪ್ರಯೋಜನ ಇಲ್ಲ. ಹೆಸರು, ವಿಸ್ತೀರ್ಣ, ಸಾಲದ ನಮೂದು ಬದಲಾದ ವರ್ಷದ ಪಹಣಿ ಮಾತ್ರ ಇದ್ದರೆ ಸಾಕು. ಕಬ್ಬಿನ ತೂಕದ ಚೀಟಿ ಹಾಗಲ್ಲ. ಅದು ಬರೋದು ಒಂದೇ ಸಲ. ಬಿಸಿಯಿಂದ ಅಚ್ಚಾಗುವ ನುಣುಪು ಕಾಗದದ ಚೀಟಿಯಾದರೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆ ಆಗುತ್ತೆ. ಅದರ ಫೋಟೊ ಅವತ್ತೇ ಆಗಬೇಕು.

ತೂಕದ ಚೀಟಿಗೆ ಯಾಕೆ ಇಷ್ಟು ಬೆಲೆ?

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಒಂದು ಲೆಕ್ಕ ಹಾಕಿ ನೋಡಿ. ನೀವು 40 ಟನ್ ಕಬ್ಬು ಹಾಕಿದ್ದೀರಿ, ಟನ್ನಿಗೆ 3,000 ರೂಪಾಯಿ ಅಂತ ಇಟ್ಟುಕೊಳ್ಳಿ. ಒಟ್ಟು 1,20,000 ರೂಪಾಯಿ. 14 ದಿನದ ಗಡುವು ಮುಗಿದ ಮೇಲೆ ಇನ್ನೂ 60 ದಿನ ತಡವಾದರೆ ಬಡ್ಡಿ ಸುಮಾರು 2,960 ರೂಪಾಯಿ. ಈ ಬಡ್ಡಿ ಕೇಳಬೇಕಾದರೆ ಯಾವ ತಾರೀಖು, ಯಾವ ಗಾಡಿ, ಎಷ್ಟು ತೂಕ ಅನ್ನೋದು ನಿಮ್ಮ ಕೈಯಲ್ಲಿ ಇರಬೇಕು. "ಡಿಸೆಂಬರ್‌ನಲ್ಲಿ ಹಾಕಿದ್ದೆ ಸಾರ್" ಅಂದರೆ ಲೆಕ್ಕ ನಿಲ್ಲಲ್ಲ.

ಬಾಕಿ ಹಣ ವಸೂಲಿ ದಾವೆಗಳಿಗೆ 1963ರ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಕೊಡೋದು 3 ವರ್ಷ. ಬಾಕಿ ಇದೆ ಅಂತ ಎದುರಿನವರು ಆ 3 ವರ್ಷದೊಳಗೆ ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಅವತ್ತಿನಿಂದ ಹೊಸದಾಗಿ ಎಣಿಕೆ ಶುರು. ಹಾಗಾಗಿ ಹಣ ಕೊಡೋ, ತಗೊಳ್ಳೋ ಕಾಗದಗಳಿಗೆ ನಾನು ಹಾಕೋ ಗಡುವು 4 ವರ್ಷ. ಕಾನೂನಿನ 3 ವರ್ಷ, ನಮ್ಮ ಧೈರ್ಯಕ್ಕೆ 1 ವರ್ಷ.

ನಾಲ್ಕು ಫೋಲ್ಡರ್, ನಾಲ್ಕು ಗಡುವು

ಗೂಗಲ್ ಡ್ರೈವ್‌ನಲ್ಲೋ ಬೇರೆ ಕಡೆಯೋ ನಾಲ್ಕು ಫೋಲ್ಡರ್ ಮಾಡಿ. ನಮ್ಮ ಮನೆಯ ಪಟ್ಟಿ ಹೀಗಿದೆ. ನಿಮ್ಮ ಅನುಕೂಲಕ್ಕೆ ಬದಲಾಯಿಸಿಕೊಳ್ಳಿ.

ಎ – ಯಾವತ್ತೂ ಅಳಿಸಬಾರದು. ಕ್ರಯಪತ್ರ, ವಿಭಾಗ ಪತ್ರ, ದಾನಪತ್ರ, ಸಾಗುವಳಿ ಚೀಟಿ, ಮ್ಯುಟೇಷನ್ ಆದೇಶ, ಪೋಡಿ ನಕ್ಷೆ, ಕೋರ್ಟ್ ತೀರ್ಪು, ವಂಶವೃಕ್ಷ. ಬ್ಯಾಂಕ್ ಅಥವಾ ಸೊಸೈಟಿ ಸಾಲ ತೀರಿಸಿದ ಮೇಲೆ ಕೊಡುವ ಬೇಬಾಕಿ ಪತ್ರವೂ ಇಲ್ಲಿಗೇ. ಸಾಲ ತೀರಿಸಿ ಎಷ್ಟೋ ವರ್ಷ ಆದರೂ ಪಹಣಿಯ 11ನೇ ಕಾಲಂನಲ್ಲಿ ಋಣ ಹಾಗೇ ಕೂತಿರೋದು ನಮ್ಮ ಕಡೆ ಹೊಸದಲ್ಲ. ಅದನ್ನು ತೆಗೆಸೋಕೆ ಈ ಒಂದು ಹಾಳೆ ಬೇಕು. ಗಮನಿಸಿ, ಎ ಫೋಲ್ಡರ್‌ನಲ್ಲಿ ಇರೋದು ಸ್ಕ್ಯಾನ್ ಅಷ್ಟೇ. ಮೂಲ ಕಾಗದ ಟ್ರಂಕಿನಲ್ಲೇ ಇರಬೇಕು. ವಿಲ್ ಅಂತೂ ಕಾಗದದ ಮೇಲೇ ಇರಬೇಕು.

ಬಿ – 8 ವರ್ಷ. ಇದು ಕೃಷಿಯ ಜೊತೆ ಬೇರೆ ವ್ಯವಹಾರ ಇರುವವರಿಗೆ. ಸ್ವಂತ ಬೆಳೆ ಮಾರುವ ರೈತ ಅದಕ್ಕೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಗೊಬ್ಬರದ ಅಂಗಡಿಯೋ, ಇನ್ನೊಂದು ವ್ಯಾಪಾರವೋ ಇಟ್ಟು ನೋಂದಣಿ ಆಗಿದ್ದರೆ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಬೇಕು. ರೈತ ಉತ್ಪಾದಕ ಕಂಪನಿಯಾದರೆ ಕಂಪನಿ ಕಾಯ್ದೆ ಪ್ರಕಾರ 8 ಹಣಕಾಸು ವರ್ಷದ ಲೆಕ್ಕ ಇರಲೇಬೇಕು. ಎರಡಕ್ಕೂ 8 ಅಂತ ಇಟ್ಟುಕೊಂಡರೆ ನೆನಪಿಡೋದು ಸುಲಭ. ಮನೆಯವರ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ವರ್ಷಕ್ಕೊಮ್ಮೆ ಪಿಡಿಎಫ್ ತೆಗೆದು ಇಲ್ಲೇ ಹಾಕಿ. ಬ್ಯಾಂಕ್‌ಗಳು ವಹಿವಾಟಿನ ದಾಖಲೆ ಇಡಲೇಬೇಕು ಅಂತ ಕಾನೂನು ಹೇಳೋದು 5 ವರ್ಷ. ಅದಕ್ಕಿಂತ ಹಳೇದು ಕೇಳಿದರೆ ಸಿಕ್ಕೇ ಸಿಗುತ್ತೆ ಅಂತ ನಂಬಿ ಕೂರಬೇಡಿ.

ಸಿ – 4 ವರ್ಷ. ಕಬ್ಬಿನ ತೂಕದ ಚೀಟಿ, ಕಾರ್ಖಾನೆ ಅಥವಾ ಆಲೆಮನೆ ಲೆಕ್ಕ, ಡೈರಿ ಬಟವಾಡೆ, ಭತ್ತ-ರಾಗಿ ಖರೀದಿ ಕೇಂದ್ರದ ರಸೀದಿ, ಬೆಳೆ ವಿಮೆ ಅರ್ಜಿ, ಕೈಸಾಲ ತೀರಿಸಿದ ಚೀಟಿ, ಬೀಜ-ಗೊಬ್ಬರ-ಔಷಧಿ ಬಿಲ್ಲು. ಬೀಜದ ವಿಚಾರದಲ್ಲಿ ಒಂದು ಮಾತು. ಬೀಜ ಮೊಳಕೆ ಬರದೆ ನಷ್ಟವಾದರೆ ರೈತನೂ ಗ್ರಾಹಕನೇ, ಗ್ರಾಹಕ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ದೂರಿಗೆ ಇರೋ ಸಮಯ 2 ವರ್ಷ. ಬಿಲ್ಲು, ಚೀಲದ ಮೇಲಿನ ಟ್ಯಾಗ್, ಲಾಟ್ ನಂಬರ್ ಮೂರೂ ಕಾಣುವ ಹಾಗೆ ಫೋಟೊ ತೆಗೀರಿ. ಖಾಲಿ ಚೀಲವನ್ನು ಕೊಯ್ಲು ಆಗೋವರೆಗೂ ಎಸೀಬೇಡಿ.

ಡಿ – ಕೆಲಸ ಮುಗಿದ ತಕ್ಷಣ ಅಳಿಸಿ. ಅರ್ಜಿ ಹಾಕೋಕೆ ತೆಗೆದ ಆಧಾರ್ ಫೋಟೊ, ಪಾಸ್‌ಬುಕ್ ಮೊದಲ ಪುಟ, ಪಕ್ಕದ ಮನೆಯವರು "ಸ್ವಲ್ಪ ಅಪ್ಲಿಕೇಷನ್ ಹಾಕ್ಕೊಡಪ್ಪ" ಅಂತ ಕಳಿಸಿದ ಕಾಗದ, ಹಳೇ ಪಹಣಿ ಪ್ರತಿ.

ಅಳಿಸೋದೂ ಒಂದು ಜವಾಬ್ದಾರಿ

"ಇರಲಿ ಬಿಡು, ಜಾಗ ತಾನೆ ತಿನ್ನೋದು" ಅನ್ನಬೇಡಿ. ನಿಮ್ಮ ಫೋನ್ ಕಳೆದ ದಿನ ಡಿ ಫೋಲ್ಡರ್‌ನಲ್ಲಿ ಹತ್ತು ಮನೆಯವರ ಆಧಾರ್, ಖಾತೆ ನಂಬರ್ ಇದ್ದರೆ, ತೊಂದರೆ ನಿಮಗೊಬ್ಬರಿಗೇ ಅಲ್ಲ. ಸಂಘದ ಕಾರ್ಯದರ್ಶಿಯೋ, ಉತ್ಪಾದಕ ಕಂಪನಿಯ ಸಿಇಒನೋ ಆಗಿದ್ದರೆ ಇನ್ನೂ ಹುಷಾರಾಗಿರಬೇಕು. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಡು ಅಂತ ಹೇಳದಿದ್ದರೆ, ಜನರ ವೈಯಕ್ತಿಕ ಮಾಹಿತಿ ಅಳಿಸಬೇಕು ಅನ್ನೋದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ. ಆಧಾರ್ ಕೊಡಲೇಬೇಕಾದ ಕಡೆ, ಅವರು ಒಪ್ಪಿದರೆ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಆದರೆ ಒಂದು ಕಟ್ಟುನಿಟ್ಟು ಇದೆ. ಯಾವುದೇ ವಿಷಯದಲ್ಲಿ ತಕರಾರು, ದೂರು, ದಾವೆ ನಡೀತಿದ್ದರೆ ಅದಕ್ಕೆ ಸಂಬಂಧಿಸಿದ ಒಂದು ಚೀಟಿಯನ್ನೂ ಅಳಿಸಬೇಡಿ, ಗಡುವು ಮುಗಿದಿದ್ದರೂ ಸರಿ. ಆ ಕಡತವನ್ನು "ತಕರಾರು" ಅಂತ ಬೇರೆ ಫೋಲ್ಡರ್‌ಗೆ ಸರಿಸಿ, ತೀರ್ಮಾನ ಆಗೋವರೆಗೂ ಮುಟ್ಟಬೇಡಿ.

ನೀವು ಅಳಿಸದಿದ್ದರೂ ಅಳಿಯುತ್ತೆ

ಆನ್‌ಲೈನ್‌ನಲ್ಲಿ ಇಟ್ಟಿದ್ದು ಶಾಶ್ವತ ಅಂತ ತುಂಬಾ ಜನ ತಿಳಿದಿದ್ದಾರೆ. ಸೇವೆ ಕೊಡುವ ಕಂಪನಿಗಳಿಗೂ ಅವರದೇ ಗಡುವುಗಳಿವೆ.

• ಗೂಗಲ್ ಖಾತೆಯನ್ನು 2 ವರ್ಷ ಮುಟ್ಟದಿದ್ದರೆ ಖಾತೆಯನ್ನೂ ಒಳಗಿರೋದನ್ನೂ ಅಳಿಸಬಹುದು ಅನ್ನೋ ನಿಯಮ 2023ರಲ್ಲಿ ಬಂತು. ಅಪ್ಪನ ಹೆಸರಲ್ಲಿ ಖಾತೆ ತೆರೆದು ಕ್ರಯಪತ್ರ ಹಾಕಿ ಮರೆತಿದ್ದರೆ ಇವತ್ತೇ ಒಮ್ಮೆ ಲಾಗಿನ್ ಆಗಿ.
• ಉಚಿತ 15 ಜಿಬಿ ಜಾಗವನ್ನು ಡ್ರೈವ್, ಜಿಮೇಲ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದೇ ಲೆಕ್ಕಕ್ಕೆ ಬರುತ್ತೆ.
• ಡ್ರೈವ್‌ನಲ್ಲಿ ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತೆ. ಆಮೇಲೆ ಹೋಯಿತು.
• ವಾಟ್ಸಾಪ್ ಗುಂಪಿನಲ್ಲಿ "ಡಿಸಪಿಯರಿಂಗ್ ಮೆಸೇಜ್" ಹಾಕಿದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಸಂದೇಶ ಮಾಯ. ಲೆಕ್ಕ ಕಳಿಸುವ ಗುಂಪಿನಲ್ಲಿ ಈ ಸೆಟ್ಟಿಂಗ್ ಇದೆಯಾ ನೋಡಿಕೊಳ್ಳಿ. ವಾಟ್ಸಾಪ್ ಸಂದೇಶ ಕಳಿಸೋ ಜಾಗ, ಅದನ್ನು ಬೀರು ಮಾಡ್ಕೋಬೇಡಿ.

2015ರಲ್ಲಿ ಬಂದ ಡಿಜಿಲಾಕರ್ ಬಗ್ಗೆಯೂ ಒಂದು ತಪ್ಪು ತಿಳುವಳಿಕೆ ಇದೆ. ಇಲಾಖೆಯೇ ಅದರೊಳಗೆ ನೇರವಾಗಿ ಕೊಟ್ಟ ದಾಖಲೆಗೆ ಮೂಲ ಪ್ರತಿಯಷ್ಟೇ ಬೆಲೆ ಇದೆ. ನೀವೇ ಫೋಟೊ ತೆಗೆದು ಏರಿಸಿದ್ದಕ್ಕೆ ಆ ಬೆಲೆ ಇಲ್ಲ, ಅದು ನಿಮ್ಮ ಪ್ರತಿ ಅಷ್ಟೇ.

ಫೋಟೊ ಸಾಕ್ಷಿಯಾಗಿ ನಿಲ್ಲಬೇಕಾದರೆ

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆ ಇಟ್ಟುಕೊಳ್ಳೋದಕ್ಕೆ ಮೂರು ಅಂಶ ಕೇಳುತ್ತೆ: ಮುಂದೆ ತೆಗೆದು ಓದಲು ಆಗಬೇಕು, ಬಂದ ರೂಪದಲ್ಲೇ ಇರಬೇಕು, ಎಲ್ಲಿಂದ ಯಾವಾಗ ಬಂತು ಅನ್ನೋ ವಿವರ ಉಳಿದಿರಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗುತ್ತೆ, ಅದರೊಳಗಿನ ಸ್ಥಳ, ಸಮಯದ ವಿವರವೂ ಹೋಗುತ್ತೆ. ಆದ್ದರಿಂದ ಕ್ಯಾಮೆರಾದಿಂದ ಬಂದ ಮೂಲ ಫೋಟೊವನ್ನೇ ಡ್ರೈವ್‌ಗೆ ಹಾಕಿ, ಕತ್ತರಿಸಬೇಡಿ, ಬಣ್ಣ ತಿದ್ದಬೇಡಿ. ಕೋರ್ಟಿಗೆ ಹೋದರೆ ಇದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತೆ. ಅದನ್ನು ವಕೀಲರು ಮಾಡಿಸಿಕೊಡ್ತಾರೆ. ಮೂಲ ಫೋಟೊ ಉಳಿಸಿಕೊಳ್ಳೋದು ನಮ್ಮ ಕೆಲಸ.

ಹೆಸರಿನಲ್ಲೇ ಗಡುವು

ಇಡೀ ಪದ್ಧತಿಯ ಬೀಗದ ಕೈ ಇದು. ಕಡತದ ಹೆಸರಲ್ಲೇ ಅದು ಯಾವಾಗ ಬಂತು, ಏನು, ಎಲ್ಲಿವರೆಗೆ ಅಂತ ಬರೀರಿ. ಹೀಗೆ:

2025-12-18 ಕಬ್ಬು ತೂಕದ ಚೀಟಿ – ಸಿ 2029

2025-07-02 ಭತ್ತದ ಬೀಜ ಬಿಲ್ಲು – ಸಿ 2029

2019-05-20 ವಿಭಾಗ ಪತ್ರ – ಎ

ವರ್ಷಕ್ಕೊಮ್ಮೆ, ಯುಗಾದಿ ಕಳೆದ ವಾರ, ಹಣಕಾಸು ವರ್ಷವೂ ಮುಗಿಯೋ ಹೊತ್ತಿಗೆ, ಡ್ರೈವ್‌ನಲ್ಲಿ ಹಿಂದಿನ ವರ್ಷದ ಅಂಕಿ ಹಾಕಿ ಹುಡುಕಿ. "ಸಿ 2029" ಅಂತ ಇರೋದನ್ನು 2030ರ ಯುಗಾದಿಗೆ ಒಮ್ಮೆ ಕಣ್ಣಾಡಿಸಿ, ತಕರಾರು ಇಲ್ಲದಿದ್ದರೆ ಅಳಿಸಿ. ಅರ್ಧ ಗಂಟೆ ಕೆಲಸ. ಅದೇ ದಿನ ಎ ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೂ ಇಳಿಸಿ ಟ್ರಂಕಿನಲ್ಲಿ ಇಡಿ.

ಕೊನೆಯದಾಗಿ, ಈ ಬೀಗದ ಕೈ ನಿಮ್ಮೊಬ್ಬರ ಹತ್ತಿರ ಮಾತ್ರ ಇರಬಾರದು. ಫೋಲ್ಡರನ್ನು ಮನೆಯಲ್ಲಿ ಇನ್ನೊಬ್ಬರಿಗೆ, ಹೆಂಡತಿಗೋ ತಂಗಿಗೋ, ಹಂಚಿ. ಗೂಗಲ್ ಸೆಟ್ಟಿಂಗ್‌ನಲ್ಲಿ "ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್" ಅಂತ ಇದೆ. ನೀವು ಇಷ್ಟು ತಿಂಗಳು ಖಾತೆ ಬಳಸದಿದ್ದರೆ ಇವರಿಗೆ ತಿಳಿಸು, ಇಂತಿಂಥದ್ದು ಕೊಡು ಅಂತ ಅಲ್ಲಿ ಮೊದಲೇ ಹೇಳಿಡಬಹುದು. ಟ್ರಂಕಿನ ಕೀ ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರುತ್ತಿತ್ತು. ಫೋನಿನದೂ ಗೊತ್ತಿರಲಿ.

ಈ ವಾರದ ಕೆಲಸ: ಇವತ್ತು ಸಂಜೆ ನಾಲ್ಕು ಫೋಲ್ಡರ್ ಮಾಡಿ. ಎಲ್ಲ ಹಳೇದನ್ನೂ ಒಟ್ಟಿಗೆ ಜೋಡಿಸೋಕೆ ಹೋಗಬೇಡಿ, ಬೇಸರ ಬಂದು ಬಿಟ್ಟುಬಿಡ್ತೀರಿ. ಎ ಫೋಲ್ಡರ್‌ಗೆ ಐದು ಮುಖ್ಯ ಕಾಗದ ಹಾಕಿ. ನಾಳೆಯಿಂದ ಬರೋ ಪ್ರತಿ ಚೀಟಿಗೂ ಅವತ್ತೇ ಹೆಸರು, ಅವತ್ತೇ ಗಡುವು.